ಒಂದು ಗೇಣು ಮೇಲ್ಮಣ್ಣು

ಬೇಸಿಗೆಯ ಕೊನೆಗೆ ಪೇಟೆಯ ಜನಕ್ಕೆ ಒಮ್ಮೆಲೇ ತೋಟದ ಹುಚ್ಚು ಹಿಡಿಯುತ್ತದೆ. ಆಕಾಶದಲ್ಲಿ ಒಂದು ಮೋಡ ಕಂಡರೆ ಸಾಕು, ವರ್ಷವಿಡೀ ಒಂದು ಲೋಟ ನೀರು ಹಾಕದೆ ಗಿಡ ಒಣಗಿಸಿದವರೆಲ್ಲ ಸಾಲುಗಟ್ಟಿ ನಮ್ಮ ನರ್ಸರಿಗೆ ಬರುತ್ತಾರೆ. ಬಿಸಿಲು ಬೇಡದ ಗಿಡ ಇದೆಯಾ, ನೀರು ಬೇಡದ ಗಿಡ ಇದೆಯಾ, ಎಲೆ ಉದುರಿಸಿ ಬಾಲ್ಕನಿ ಗಲೀಜು ಮಾಡದ ಗಿಡ ಇದೆಯಾ ಎಂದು ಕೇಳುತ್ತಾರೆ. ಇದೆ, ಪ್ಲಾಸ್ಟಿಕ್ಕಿನದು, ಎದುರು ಅಂಗಡಿಯಲ್ಲಿ ಸಿಗುತ್ತದೆ ಎಂದು ಒಮ್ಮೆ ಹೇಳಿಬಿಟ್ಟೆ. ಅದಕ್ಕೆ ಮಾಲೀಕ ನನ್ನನ್ನು ಗಿರಾಕಿಗಳ ಎದುರಿಂದ ಎತ್ತಿ ಹಿಂದಿನ ಶೆಡ್ಡಿಗೆ ಹಾಕಿದ. ಅವನ ಲೆಕ್ಕದಲ್ಲಿ ಅದು ಶಿಕ್ಷೆ. ನನಗೆ ಪೀಡೆ ತೊಲಗಿದಂತಾಯಿತು.

ಶೆಡ್ಡಿನಲ್ಲಿ ನನ್ನ ಕೆಲಸ ಮಣ್ಣಿನದು. ಲಾರಿಯಲ್ಲಿ ಬಂದ ಮಣ್ಣನ್ನು ಜರಡಿ ಹಿಡಿದು, ಮರಳು, ಸಗಣಿ ಗೊಬ್ಬರ, ಎಲೆಗೊಬ್ಬರ ಬೆರೆಸಿ, ಚೀಲಕ್ಕೆ ತುಂಬಿ ಬಾಯಿ ಹೊಲಿಯುವುದು. ಬರುಬರುತ್ತ ಎಲ್ಲರೂ ನನ್ನನ್ನು ಮಣ್ಣಕ್ಕ ಎಂದು ಕರೆಯತೊಡಗಿದರು. ಗಿರಾಕಿಗಳೂ ಮಣ್ಣಕ್ಕ ಬೆರೆಸಿದ್ದೇ ಕೊಡಿ ಎಂದು ಕೇಳಿದ ಮೇಲೆ ಮಾಲೀಕ ಚೀಲದ ಮೇಲೆ ‘ಮಣ್ಣಕ್ಕನ ಮಿಶ್ರಣ’ ಎಂದೇ ಅಚ್ಚು ಹಾಕಿಸಿದ. ಪಕ್ಕದಲ್ಲಿ ಒಬ್ಬ ಹೆಂಗಸಿನ ಚಿತ್ರವೂ ಇತ್ತು. ಅವಳು ನಗುತ್ತಿದ್ದಳು. ಹಾಗಾಗಿ ಅದು ನಾನಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಬೆಳೆದ ಮನೆಯೇ ಅಂಥದ್ದು. ಅಲ್ಲಿ ಮೋಡ ಕಂಡರೆ ಯಾರೂ ಆಹಾ ಎನ್ನುತ್ತಿರಲಿಲ್ಲ. ಬದು ಕಟ್ಟಿ ಮುಗಿದಿಲ್ಲ, ಗೊಬ್ಬರ ಇನ್ನೂ ತಿಪ್ಪೆಯಲ್ಲೇ ಇದೆ, ಸೂರು ರಿಪೇರಿಗೆ ನಾಳೆ ಬರುತ್ತೇನೆ ಎಂದು ಹೋದವನ ಪತ್ತೆಯಿಲ್ಲ. ಮಳೆಗಾಲದ ಬಾಗಿಲಲ್ಲಿ ಅಪ್ಪ ಅಮ್ಮನ ಮೇಲೆ, ಅಮ್ಮ ಅಣ್ಣನ ಮೇಲೆ, ಅಣ್ಣ ನನ್ನ ಮೇಲೆ, ನಾನು ನಾಯಿಯ ಮೇಲೆ ರೇಗುತ್ತಿದ್ದೆವು. ಬಿತ್ತನೆ ಮುಗಿದ ಮೇಲೆ ಎಲ್ಲರಿಗೂ ಎಲ್ಲರ ಮೇಲೂ ಪ್ರೀತಿ ಉಕ್ಕುತ್ತಿತ್ತು, ಕಳೆ ಏಳುವವರೆಗೆ. ಚಳಿಗಾಲದಲ್ಲಿ ಕೊಯ್ಲು, ಆಗ ಮತ್ತೆ ರೇಗಾಟ. ಬೇಸಿಗೆಯಲ್ಲಿ ಮಾತ್ರ ಮನೆ ತಣ್ಣಗಿರುತ್ತಿತ್ತು. ಹೊಲಕ್ಕೆ ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಅಪ್ಪ ಜಗಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ. ಅಪ್ಪ ಈಗ ಇಲ್ಲ. ಹೊಲವನ್ನು ಅಣ್ಣ ಅತ್ತಿಗೆ ನೋಡಿಕೊಳ್ಳುತ್ತಾರೆ, ಅವರನ್ನು ಅಮ್ಮ ನೋಡಿಕೊಳ್ಳುತ್ತಾಳೆ. ನಾನು ಮದುವೆಯಾಗಿ ಪೇಟೆಗೆ ಬಂದವಳು, ವರ್ಷಕ್ಕೆ ಒಂದೆರಡು ಸಲ ಹೋಗಿ ಕಾಲುವೆ ಪಕ್ಕದ ನಮ್ಮ ಹೊಲದ ಬದುವಿನ ಮೇಲೆ ನಡೆದು ವಾಪಸ್ಸಾಗುತ್ತೇನೆ.

ಈ ವರ್ಷದ ಗಲಾಟೆ ಶುರುವಾದದ್ದು ಒಂದು ಲಾರಿ ಮಣ್ಣಿನಿಂದ. ನಮಗೆ ಮಣ್ಣು ತರುವ ಲಾರಿಯವನಿಗೆ ನಾವಿಟ್ಟ ಹೆಸರು ಹಾರನ್. ಗೇಟು ತೆರೆದೇ ಇದ್ದರೂ ಹಾರನ್ ಒತ್ತದೆ ಅವನು ಒಳಗೆ ಬಂದವನಲ್ಲ. ಆ ದಿನ ಅವನು ತಂದದ್ದು ಹಳದಿ ಮಣ್ಣು, ಬರೀ ಹೆಂಟೆ. ಒಂದು ಹೆಂಟೆ ಎತ್ತಿ ನೆಲಕ್ಕೆ ಬಡಿದೆ. ಇಟ್ಟಿಗೆಯ ಹಾಗೆ ಎರಡು ಹೋಳಾಯಿತು. ಒಳಗೆ ಒಂದು ಬೇರಿನ ಎಳೆ ಇಲ್ಲ, ಹುಳ ಇಲ್ಲ, ಮೂಗಿಗೆ ಹಿಡಿದರೆ ವಾಸನೆಯೂ ಇಲ್ಲ.

“ಏನಿದು?” ಅಂದೆ.

“ಮಣ್ಣು ಅಕ್ಕ.”

“ಮಣ್ಣಲ್ಲ ಇದು, ಮಣ್ಣಿನ ಹೆಣ. ಯಾರದೋ ಹೊಲದ ತಳ ಕೆತ್ಕೊಂಡು ಬಂದಿದೀಯ. ನನಗೇ ಟೋಪಿ ಹಾಕೋಕೆ ನೋಡ್ತೀಯಾ?”

“ಗೊಬ್ಬರ ಹಾಕಿದ್ರೆ ಸರಿಹೋಗುತ್ತೆ ಅಕ್ಕ.”

“ಗೊಬ್ಬರ ಹಾಕಿದ್ರೆ ಸಿಮೆಂಟೂ ಸರಿಹೋಗುತ್ತೆ. ವಾಪಸ್ ತಗೊಂಡು ಹೋಗು. ಮೇಲಿನ ಮಣ್ಣು ಇದ್ರೆ ಬಾ. ಇಲ್ಲ ಅಂದ್ರೆ ಈ ಗೇಟಿನ ಕಡೆ ತಲೆ ಹಾಕ್ಬೇಡ.”

ಗಿಡ ನೋಡಲು ಬಂದವರೆಲ್ಲ ನಿಂತು ಕೇಳುತ್ತಿದ್ದರು. ಹಾರನ್ ಮುಖ ಸಣ್ಣಗೆ ಮಾಡಿಕೊಂಡು ಲಾರಿ ತಿರುಗಿಸಿದ. ಆ ದಿನ ಹೋಗುವಾಗ ಹಾರನ್ ಒತ್ತಲಿಲ್ಲ. ಮಾಲೀಕ ಗಿರಾಕಿಗಳ ಕಡೆ ತಿರುಗಿ, “ನೋಡಿ, ನಮ್ಮಲ್ಲಿ ಮಣ್ಣಕ್ಕ ಒಪ್ಪದ ಮಣ್ಣು ಒಳಗೇ ಬರಲ್ಲ,” ಎಂದು ಬೀಗಿದ. ನಾನೂ ಬೀಗಿದೆ, ಸುಳ್ಳು ಯಾಕೆ ಹೇಳಲಿ. ಮನೆಗೆ ಹೋಗಿ ಗಂಡನಿಗೆ ಒಂದಕ್ಕೆರಡು ಸೇರಿಸಿ ಹೇಳಿದೆ. “ಪಾಪ, ಆ ಲಾರಿಯವನ ಹೆಂಡತಿ ಇವತ್ತು ಬೈಗುಳ ತಿಂತಾಳೆ,” ಅಂದ ಅವನು.

ಕೆಲವು ದಿನ ಕಳೆದ ಮೇಲೆ ಹಾರನ್ ಮತ್ತೆ ಬಂದ. ಈ ಸಲ ತಂದದ್ದನ್ನು ನೋಡಿ ನನ್ನ ಬಾಯಿ ಮುಚ್ಚಿಹೋಯಿತು. ಕಪ್ಪಗೆ, ಮೆತ್ತಗೆ, ಹಿಡಿದರೆ ಉಂಡೆಯಾಗಿ, ಬೆರಳು ಸಡಿಲಿಸಿದರೆ ಉದುರುವ ಮಣ್ಣು. ಅಂಥ ಮಣ್ಣು ಆ ಶೆಡ್ಡಿಗೆ ಅದುವರೆಗೆ ಬಂದಿರಲಿಲ್ಲ. ಖುಷಿಯಲ್ಲಿ ಅವನಿಗೆ ಟೀ ಕುಡಿಸಿದೆ. ಅವನು ಹೋದ ಮೇಲೆ ಜರಡಿ ಹಿಡಿಯಲು ಕೂತೆ, ಹಾಡು ಬರುತ್ತಿದ್ದರೆ ಹಾಡುತ್ತಿದ್ದೆ.

ಜರಡಿಯಲ್ಲಿ ಒಂದು ಬಟನ್ ಉಳಿಯಿತು. ಬಿಳಿಯದು, ನಾಲ್ಕು ತೂತಿನದು, ಮಕ್ಕಳ ಅಂಗಿಯದು. ಎತ್ತಿ ಎಸೆದೆ. ಹೊಲದ ಮಣ್ಣಿನಲ್ಲಿ ಏನೇನೋ ಇರುತ್ತದೆ. ಮುಂದಿನ ಜರಡಿಯಲ್ಲಿ ಮತ್ತೊಂದು ಸಿಕ್ಕಿತು, ಅದರ ಮುಂದಿನದರಲ್ಲಿ ಎರಡು. ಆಮೇಲೆ ಚಡ್ಡಿಗೆ ಹಾಕುವ ಕಂದು ಬಟನ್. ನನ್ನ ಕೈ ನಿಧಾನವಾಯಿತು.

ನಮ್ಮ ಮನೆಯಲ್ಲಿ ಜಗಲಿ ಗುಡಿಸಿದ್ದೆಲ್ಲ ತಿಪ್ಪೆಗೆ ಹೋಗುತ್ತಿತ್ತು. ಅಪ್ಪನ ಬಟ್ಟೆ ಚೂರು, ನೂಲು, ಒಲೆಯ ಬೂದಿ, ಸಗಣಿ, ಒಣಗಿದ ಎಲೆ. ತಿಪ್ಪೆಯಿಂದ ಹೊಲಕ್ಕೆ. ನೂಲು ಕೊಳೆಯುತ್ತಿತ್ತು, ಬಟನ್ ಕೊಳೆಯುತ್ತಿರಲಿಲ್ಲ. ಕಳೆ ಕೀಳುವಾಗ ನನಗೂ ಅಣ್ಣನಿಗೂ ಬಟನ್ ಸಿಗುತ್ತಿದ್ದವು, ಯಾರಿಗೆ ಜಾಸ್ತಿ ಎಂದು ಹೊಡೆದಾಡುತ್ತಿದ್ದೆವು. ಒಮ್ಮೆ ವಾದ್ಯದವರ ಕೋಟು ಹೊಲಿಯುವಾಗ ಅಪ್ಪ ಒಂದು ಹಿತ್ತಾಳೆ ಬಟನ್ ಕಳೆದುಕೊಂಡ. ಅದರ ಮೇಲೆ ಹೂವಿನ ಅಚ್ಚಿತ್ತು. ನೀನೇ ಗುಡಿಸಿ ಹಾಕಿದ್ದು ಎಂದು ಅಮ್ಮನನ್ನು ವಾರವಿಡೀ ಬೈದ, ನಾನು ಗುಡಿಸಲೇ ಇಲ್ಲ ಎಂದು ಅಮ್ಮ ವಾರವಿಡೀ ತಿರುಗಿ ಬೈದಳು. ಈಗ, ಸಂಜೆಯ ಹೊತ್ತಿಗೆ, ನನ್ನ ಜರಡಿಯಲ್ಲಿ ಆ ಹಿತ್ತಾಳೆ ಬಟನ್ ಉಳಿಯಿತು. ಹಸಿರು ಹಿಡಿದಿತ್ತು. ಉಗುರಿನಿಂದ ಕೆರೆದೆ, ಹೂವು ಕಂಡಿತು.

ರಕ್ತ ನೆತ್ತಿಗೇರುವುದು ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಹಾರನ್‌ಗೆ ಫೋನ್ ಮಾಡಿ ಮಣ್ಣು ಎಲ್ಲಿಯದು ಎಂದು ಕೇಳಿದೆ. “ಕಾಲುವೆ ಪಕ್ಕದ ಹೊಲದ್ದು ಅಕ್ಕ. ಯಾಕೆ, ಇದೂ ಸರಿ ಇಲ್ವಾ?” ಅಂದ. ಅಣ್ಣನಿಗೆ ಫೋನ್ ಮಾಡಿದೆ. “ಕೆಲಸದಲ್ಲಿದೀನಿ, ಆಮೇಲೆ ಮಾಡ್ತೀನಿ,” ಎಂದು ಇಟ್ಟುಬಿಟ್ಟ. ಆಮೇಲೆ ಮಾಡಲಿಲ್ಲ. ಮರುದಿನ ಬೆಳಿಗ್ಗೆ ರಜೆ ಹೇಳಿ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಅಣ್ಣನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಅಪ್ಪ ಅಮ್ಮ ಬೆನ್ನು ಮುರಿದುಕೊಂಡು ಮಾಡಿದ ಹೊಲವನ್ನು ಬುಟ್ಟಿ ಲೆಕ್ಕದಲ್ಲಿ ಮಾರುತ್ತೀಯಲ್ಲ, ನಿನಗೆ ನಾಚಿಕೆ ಇದೆಯಾ. ಇದು ಸೌಮ್ಯವಾದದ್ದು, ಮೊದಲಿಗೆ ಹೇಳಲು. ಮುಂದಿನವು ಇದಕ್ಕಿಂತ ಖಾರವಾಗಿದ್ದವು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ತುಟಿ ಅಲ್ಲಾಡುವುದನ್ನು ನೋಡಿ ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಾಯಿಸಿಕೊಂಡಳು.

ಬಸ್ಸಿಳಿದು ಮನೆಗೂ ಹೋಗದೆ ನೇರ ಹೊಲಕ್ಕೆ ನಡೆದೆ. ದೂರದಿಂದ ನೋಡಿ ನನಗೆ ದಾರಿ ತಪ್ಪಿತೇನೋ ಅನ್ನಿಸಿತು. ನಮ್ಮ ಎಡಗಡೆಯ ಹೊಲವೂ ಬಲಗಡೆಯ ಹೊಲವೂ ಸೊಂಟದಷ್ಟು ಕೆಳಗೆ ಹೋಗಿದ್ದವು. ನಡುವೆ ನಮ್ಮದು ನಾಟಕದ ವೇದಿಕೆಯ ಹಾಗೆ ಎತ್ತರದಲ್ಲಿ ನಿಂತಿತ್ತು, ಅದೂ ಅರ್ಧ. ಉಳಿದರ್ಧ ಹಳದಿ ಹೊಂಡ. ಮೇಲಿನ ತುದಿಯಲ್ಲಿ ಕಪ್ಪು ಮಣ್ಣಿನ ಒಂದು ದೊಡ್ಡ ರಾಶಿ, ಜೋಳದ ಕಡ್ಡಿ ಹಾಸಿ ಟಾರ್ಪಾಲು ಮುಚ್ಚಿದ್ದರು. ರಾಶಿಯ ಒಂದು ಮಗ್ಗುಲನ್ನು ಅಗೆಯುವ ಯಂತ್ರದ ಹಲ್ಲು ಕಚ್ಚಿ ತೆಗೆದಿತ್ತು. ಅಣ್ಣ ಹೊಂಡದ ಅಂಚಿನಲ್ಲಿ ಗುದ್ದಲಿ ಹಿಡಿದು ನಿಂತಿದ್ದ.

ಅಣ್ಣ ಈಗ ಜಗಳ ಮರೆತ ಮನುಷ್ಯ. ಅವನನ್ನು ಬೈಯುವುದು ಹತ್ತಿ ಮೂಟೆಗೆ ಗುದ್ದಿದ ಹಾಗೆ. ಬಸ್ಸಿನಲ್ಲಿ ಜೋಡಿಸಿಕೊಂಡದ್ದನ್ನೆಲ್ಲ ಒಂದೂ ಬಿಡದೆ ಸುರಿದೆ. ಅವನು ಗುದ್ದಲಿಗೆ ಅಂಟಿದ ಮಣ್ಣನ್ನು ಕಾಲಿನಿಂದ ಕೆರೆಯುತ್ತ ಕೇಳಿದ. ನನ್ನ ಉಸಿರು ಮುಗಿದ ಮೇಲೆ, “ನೀರು ಹತ್ತಲ್ಲ,” ಅಂದ.

“ಏನು?”

“ಹೊಲಕ್ಕೆ ನೀರು ಹತ್ತಲ್ಲ. ಈ ಕಡೆಯವರು ಇಟ್ಟಿಗೆ ಗೂಡಿಗೆ ಮಣ್ಣು ಕೊಟ್ರು, ತಗ್ಗಾಯ್ತು. ಆ ಕಡೆಯವರೂ ಕೊಟ್ರು. ಈಗ ಕಾಲುವೆ ಬಿಟ್ರೆ ನೀರೆಲ್ಲ ಅವರಿಗೇ ಇಳಿಯುತ್ತೆ. ಮಳೆ ನೀರೂ ನಿಲ್ಲಲ್ಲ, ಎರಡು ಕಡೆಗೂ ಬಸಿದು ಹೋಗುತ್ತೆ. ಹೋದ ವರ್ಷದ ಬೆಳೆ ನಿಂತಲ್ಲೇ ಒಣಗ್ತು. ನಾವೂ ತಗ್ಗಿಸ್ಲೇಬೇಕು, ಬೇರೆ ದಾರಿ ಇಲ್ಲ.”

“ತಗ್ಗಿಸು. ಬೇಡ ಅಂದೋರ್ಯಾರು? ಮೇಲಿನ ಮಣ್ಣು ತೆಗೆದು ಪಕ್ಕಕ್ಕೆ ಇಡ್ಬೇಕು, ಕೆಳಗಿಂದು ಸಾಗಿಸ್ಬೇಕು, ಆಮೇಲೆ ಮೇಲಿಂದು ವಾಪಸ್ ಹರಡ್ಬೇಕು. ಇಷ್ಟೂ ತಿಳಿಯಲ್ವಾ ನಿನಗೆ?”

“ಹಾಗೇ ಮಾಡಿದ್ದು,” ಎಂದು ಅವನು ರಾಶಿಯ ಕಡೆ ಗದ್ದ ಎತ್ತಿ ತೋರಿಸಿದ. “ಒಂದು ಗೇಣು ಮೇಲ್ಮಣ್ಣು ಅಷ್ಟೂ ಅಲ್ಲಿದೆ.”

“ಅಲ್ಲಿದ್ರೆ ನಮ್ಮ ನರ್ಸರಿಗೆ ಬಂದಿದ್ದೇನು? ಅಪ್ಪನ ಹಿತ್ತಾಳೆ ಬಟನ್ ನಡ್ಕೊಂಡು ಬಂತಾ?”

ಅಣ್ಣ ತಲೆ ಎತ್ತಿದ. “ನಿಮ್ಮ ನರ್ಸರಿಗಾ?” ಅಂದ. ಅವನ ಮುಖದಲ್ಲಿ ಏನೋ ಹೊಳೆದದ್ದು ಕಂಡಿತು. ಮನೆಯ ಕಡೆಯಿಂದ ಅಮ್ಮ ಬರುತ್ತಿದ್ದಳು.

ನಮ್ಮ ಮನೆಯ ಸಿಟ್ಟಿನ ಬೇರು ಅಮ್ಮ. ವಯಸ್ಸಿಗೆ ನಡು ಬಾಗಿದೆ, ದನಿ ಬಾಗಿಲ್ಲ. ಬದುವಿನ ಮೇಲೆ ನಿಂತವಳೇ, “ಅವನನ್ನ ಯಾಕೆ ತಿಂತೀಯ? ಕೊಟ್ಟಿದ್ದು ನಾನು,” ಅಂದಳು.

“ನೀನಾ?”

“ನಾನೇ. ತಿಪ್ಪೆ ಹೊತ್ತು ಈ ತಲೆ ಬೋಳಾಗಿದೆ. ಮಾರೋಕೆ ನನಗಿಂತ ಹಕ್ಕು ಯಾರಿಗಿದೆ?”

“ಹಕ್ಕಿದೆ ಅಂತ ಮಾರ್ತಾರಾ ಅಮ್ಮ?”

“ಆಸೆಗೆ ಮಾರಿದೆ ಅಂದ್ಕೊಂಡ್ಯಾ? ಇಟ್ಟಿಗೆ ಗೂಡಿನೋರು ಮಳೆ ಹತ್ರ ಬಂತು ಅಂತ ಕೆಲಸ ನಿಲ್ಸಿದ್ರು. ಕೆಳಗಿನ ಮಣ್ಣು ಕೇಳೋರೇ ಇಲ್ಲ. ಒಬ್ಬ ಲಾರಿಯೋನು ಒಪ್ಕೊಂಡ. ಪೇಟೇಲಿ ಗಿಡ ಮಾರೋರಿಗೆ ಹಾಕ್ತೀನಿ, ನೀವೇನೂ ಕೊಡ್ಬೇಡಿ, ನಾನೇ ಅಗೆದು ಸಾಗಿಸ್ತೀನಿ ಅಂದ. ಅರ್ಧ ಅಗೆದ. ಒಂದಿನ ಸಂಜೆ ನೋಡಿದ್ರೆ ತುಂಬಿದ ಲಾರಿ ಹಾಗೇ ವಾಪಸ್ ತಂದು ನಿಲ್ಸಿದಾನೆ.”

ಅಣ್ಣ ಗುದ್ದಲಿಯ ಹಿಡಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

“ಅಲ್ಲಿ ಯಾವಳೋ ಇದಾಳಂತೆ,” ಅಮ್ಮ ಮುಂದುವರಿಸಿದಳು. “ಮಣ್ಣಕ್ಕ ಅಂತೆ ಹೆಸರು. ಹೆಂಟೆ ಎತ್ತಿ ನೆಲಕ್ಕೆ ಬಡಿದ್ಳಂತೆ. ಹೆಣ ಅಂದ್ಳಂತೆ. ಅವಳು ಬೇಡ ಅಂದ್ರೆ ಉಳಿದ ಅಂಗಡಿಯೋರೂ ಬೇಡ ಅಂತಾರಂತೆ, ಅಷ್ಟು ದೊಡ್ಡ ಮನುಷ್ಯಳು. ಮೇಲಿನ ಮಣ್ಣು ಕೊಟ್ರೆ ಅದರ ಜೊತೆ ಇದನ್ನೂ ಎಲ್ಲಾದ್ರೂ ಸುರಿತೀನಿ, ಇಲ್ಲ ಅಂದ್ರೆ ಯಂತ್ರ ತಗೊಂಡು ಹೋಗ್ತೀನಿ ಅಂದ ಲಾರಿಯೋನು. ಅರ್ಧ ಹೊಂಡ ಬಿಟ್ಟು ಹೋದ್ರೆ ಮಳೆ ಬಂದು ಇದೇನು ಹೊಲವಾ, ಕೆರೆ. ಒಂದು ಲಾರಿ ಕೊಟ್ಟೆ. ಕೊಡುವಾಗ ಆ ಹೆಂಗಸಿಗೆ ಹಾಕಿದ ಶಾಪ ತಟ್ಟಿದ್ರೆ ಅವಳ ನಾಲಿಗೆ ಇಷ್ಟೊತ್ತಿಗೆ ಬಿದ್ದುಹೋಗಿರ್ಬೇಕು.”

ನಾಲಿಗೆ ಬಿದ್ದುಹೋಗಿರಲಿಲ್ಲ, ಆದರೆ ಒಣಗಿತ್ತು. ಮನೆಯಲ್ಲಿ ನನಗೆ ಆ ಹೆಸರಿಲ್ಲ. ಪೇಟೆಯಲ್ಲಿ ಗಿಡ ಮಾರುತ್ತೇನೆ ಎಂದಷ್ಟೇ ಅವರಿಗೆ ಗೊತ್ತು.

“ಅದು ನಾನೇ ಅಮ್ಮ,” ಅಂದೆ.

ಅಮ್ಮ ಬದುವಿನಿಂದ ಇಳಿದು, ಅಣ್ಣ ಕೈ ಕೊಡಲು ಹೋದರೆ ಕೊಡವಿ, ಹೊಂಡದ ಅಂಚಿಗೆ ಬಂದಳು. ಅಂಚಿನಿಂದ ಒಂದು ಹಳದಿ ಹೆಂಟೆ ಕಿತ್ತು ನನ್ನ ಕೈಯಲ್ಲಿಟ್ಟಳು.

“ಇದನ್ನಾ ಹೆಣ ಅಂದಿದ್ದು?”

“ಅಮ್ಮ, ನನಗೇನು ಗೊತ್ತು...”

“ನಾನು ಮದುವೆಯಾಗಿ ಬಂದಾಗ ಇಲ್ಲಿ ಮೇಲೂ ಇದೇ, ಕೆಳಗೂ ಇದೇ. ಗುದ್ದಲಿ ಹಾಕಿದ್ರೆ ಕೈ ಜುಮ್ಮಂತಿತ್ತು. ನಿನ್ನ ಅಪ್ಪ ಮೊದಲ್ನೇ ವರ್ಷ ಬಿತ್ತಿದ್ದು ಮೊಳಕೇನೇ ಒಡೀಲಿಲ್ಲ, ಈ ಬದುವಿನ ಮೇಲೆ ಕೂತು ಅತ್ತ. ಆ ಕರೀ ಮಣ್ಣು ದೇವರು ಇಟ್ಟಿದ್ದಲ್ಲ ಕಣೆ. ಆ ಒಂದು ಗೇಣು ನಾವು ಮಾಡಿದ್ದು. ಇದರಿಂದಾನೇ ಮಾಡಿದ್ದು.”

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. “ಒಂದು ಫೋನ್ ಮಾಡೋಕೆ ಆಗಲ್ವಾ ನಿಮಗೆ? ಹೊಲ ಅಗೀತಿದೀವಿ ಅಂತ ಹೇಳೋಕೆ ಆಗಲ್ವಾ? ನಮ್ಮದೇ ಮಣ್ಣು ಅಂತ ಗೊತ್ತಿದ್ರೆ ನಾನು ವಾಪಸ್ ಕಳಿಸ್ತಿದ್ನಾ?”

“ನಮ್ಮದಲ್ಲದೇ ಇದ್ದಿದ್ರೆ?” ಅಂದಳು ಅಮ್ಮ. “ಬೇರೆಯೋರ ಹೊಲದ ಮೇಲ್ಮಣ್ಣು ಆಗಿದ್ರೆ ಪರವಾಗಿಲ್ವಾ? ಇಷ್ಟು ವರ್ಷ ಚೀಲ ತುಂಬಿದ್ದು ಯಾರ ಮನೆ ತಿಪ್ಪೇದು?”

ಉತ್ತರ ಇಲ್ಲದಾಗ ನನ್ನ ಸಿಟ್ಟು ಇಮ್ಮಡಿಯಾಗುತ್ತದೆ. ಅಮ್ಮನ ಮೇಲೆ, ಅಣ್ಣನ ಮೇಲೆ, ಮೊದಲು ಮಣ್ಣು ಮಾರಿದ ಎಡಗಡೆಯವನ ಮೇಲೆ, ಅವನನ್ನು ನೋಡಿ ಮಾರಿದ ಬಲಗಡೆಯವನ ಮೇಲೆ, ಹಾರನ್ ಮೇಲೆ, ಚೀಲದ ಮೇಲೆ ನಗುವ ಆ ಹೆಂಗಸಿನ ಮೇಲೆ. ಎಲ್ಲರಿಗಿಂತ ಜಾಸ್ತಿ ನನ್ನ ಮೇಲೆ. ಜರಡಿ ಹಿಡಿಯುವಾಗ ಹುಳ ಕಂಡರೆ ಖುಷಿಪಡುತ್ತಿದ್ದೆ. ಆ ಹುಳ ಯಾವ ಹೊಲದಿಂದ ಕಡಿಮೆಯಾಯಿತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅಣ್ಣ ಮೆಲ್ಲಗೆ ಗಂಟಲು ಸರಿಮಾಡಿಕೊಂಡ. “ನಾಳೆ ಅವನು ಬರ್ತಾನೆ. ರಾಶಿಯಿಂದ ಇನ್ನೂ ಬೇಕು ಅಂತಾನೆ. ಹಳದೀದು ಯಾರಾದ್ರೂ ತಗೊಂಡ್ರೆ ಮಾತ್ರ ರಾಶಿ ಮುಟ್ಟಲ್ಲ.”

ರಾಶಿಯ ಕಡೆ ನೋಡಿದೆ. ಹೀಗೇ ಲಾರಿ ಮೇಲೆ ಲಾರಿ ಹೋದರೆ ಅದರಲ್ಲಿ ಬದುವಿಗೆ ಹಾಕಲೂ ಏನೂ ಉಳಿಯುವುದಿಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

“ಹಳದೀದೇ ಕಳಿಸು,” ಅಂದೆ. “ನಾನು ಇಳಿಸ್ಕೋತೀನಿ.”

“ನಿಮ್ಮ ಮಾಲೀಕ?”

“ಅವನನ್ನ ನನಗೆ ಬಿಡು.”

ಅಮ್ಮ ಊಟಕ್ಕೆ ಕರೆಯಲಿಲ್ಲ, ನಾನು ಕೇಳಲೂ ಇಲ್ಲ. ಅತ್ತಿಗೆ ಬಸ್ ಸ್ಟಾಪಿನವರೆಗೆ ಓಡಿಬಂದು ಒಂದು ಡಬ್ಬಿ ಊಟ ಕೈಗೆ ತುರುಕಿದಳು. “ಅಮ್ಮನೇ ಕಳಿಸಿದ್ದು. ಹೇಳ್ಬೇಡ ಅಂದಿದಾರೆ,” ಅಂದಳು. ಬಸ್ಸಿನಲ್ಲಿ ಅದನ್ನು ಸಿಟ್ಟಿನಲ್ಲೇ ತಿಂದು ಮುಗಿಸಿದೆ.

ಮರುದಿನ ನರ್ಸರಿಗೆ ಹೋಗಿ ನೋಡಿದರೆ ಕಪ್ಪು ಮಣ್ಣು ಒಂದು ಹಿಡಿಯೂ ಇರಲಿಲ್ಲ. ನಾನಿಲ್ಲದ ದಿನ ಉಳಿದವರು ಬೆರೆಸಿ ತುಂಬಿಬಿಟ್ಟಿದ್ದರು, ಚೀಲಗಳು ಗಿರಾಕಿಗಳ ಕಾರಿನ ಡಿಕ್ಕಿ ಸೇರಿದ್ದವು. ಯಾರ ಯಾರ ಬಾಲ್ಕನಿಗೋ. ಬೈಯಲು ಬಾಯಿ ತೆರೆದೆ. ಅವರು ಮಾಡಿದ್ದು ನಾನು ದಿನಾ ಮಾಡುವ ಕೆಲಸ ಎಂದು ನೆನಪಾಗಿ ಮುಚ್ಚಿದೆ.

ಅಷ್ಟರಲ್ಲಿ ಗೇಟಿನಲ್ಲಿ ಹಾರನ್ ಕೇಳಿಸಿತು, ಎಂದಿಗಿಂತ ಉದ್ದಕ್ಕೆ. ಲಾರಿಯ ತುಂಬ ಹಳದಿ ಹೆಂಟೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, “ಹೆಣ ತಂದಿದೀನಿ ಅಕ್ಕ,” ಎಂದು ಹಲ್ಲು ಬಿಟ್ಟ ಹಾರನ್. ಮೊದಲ ಸಲ ಹೆಂಟೆ ತಂದಾಗ ಆದ ಮರ್ಯಾದೆಯನ್ನು ಅವನು ಮರೆತಿರಲಿಲ್ಲ. ಗಿಡ ನೋಡುತ್ತಿದ್ದ ಗಿರಾಕಿಗಳು ಈ ಸಲವೂ ತಿರುಗಿ ನಿಂತರು.

“ಇಳಿಸು,” ಅಂದೆ.

“ಜೋರಾಗಿ ಹೇಳಿ ಅಕ್ಕ, ಇಂಜಿನ್ ಸದ್ದು.”

“ಇಳಿಸು ಅಂದೆ. ಶೆಡ್ಡಿನ ಹಿಂದೆ. ಆ ಹೊಲದ್ದು ಹಳದೀದು ಮುಗಿಯೋವರೆಗೂ ತಾ. ಕರೀದು ಒಂದು ಬುಟ್ಟಿ ಕಂಡ್ರೂ ನಿನ್ನ ಲಾರಿ ಗಾಜು ಉಳಿಯಲ್ಲ.”

ಮಾಲೀಕ ಕೈಯಲ್ಲಿ ಕತ್ತರಿ ಹಿಡಿದೇ ಓಡಿಬಂದ. ಅವನು ನನಗಿಂತ ಚಿಕ್ಕವನು, ಕೆಟ್ಟವನಲ್ಲ, ಆದರೆ ಅಂಗಡಿಯ ಹೆಸರು ಎಂದರೆ ಪ್ರಾಣ.

“ಅಕ್ಕ, ಏನಿದು? ನೀವೇ ತಾನೇ ಇದನ್ನ ವಾಪಸ್ ಕಳಿಸಿದ್ದು?”

“ಹೌದು. ತಪ್ಪು ಮಾಡಿದೆ. ಎಲೆ, ಸಗಣಿ, ಬೂದಿ ಹಾಕಿ ಕೊಳೆಸ್ತೀನಿ. ಮುಂದಿನ ವರ್ಷದ ಹೊತ್ತಿಗೆ ಸರಿಯಾಗುತ್ತೆ.”

“ಮುಂದಿನ ವರ್ಷನಾ? ಗಿರಾಕಿ ಈಗ ಬರ್ತಾರೆ ಅಕ್ಕ, ಮಳೆ ಈಗ ಬರುತ್ತೆ.”

“ಮಳೆ ನಮ್ಮ ಹೊಲಕ್ಕೂ ಈಗಲೇ ಬರುತ್ತೆ ಸಾರ್. ಇದು ನಮ್ಮಮ್ಮನ ಹೊಲದ ಮಣ್ಣು. ಇದನ್ನ ನಾವು ತಗೊಳ್ಳದಿದ್ರೆ ಅವರು ಮೇಲ್ಮಣ್ಣು ಕೊಡ್ಬೇಕಾಗುತ್ತೆ. ಒಂದು ಲಾರಿ ಆಗಲೇ ಮಾರಿದೀವಿ ನಾವು.”

“ನಿಮ್ಮ ಮನೆ ಕಷ್ಟಕ್ಕೆ ನನ್ನ ಅಂಗಳ ತುಂಬಿಸ್ತೀರಾ?”

“ನಿಮ್ಮ ಅಂಗಡಿಗೆ ನಮ್ಮ ಹೊಲ ಖಾಲಿಯಾಗ್ಲಿಲ್ವಾ?”

ಜೋರು ಜಗಳವಾಯಿತು. ಎಲ್ಲರೆದುರಿಗೇ ಆಯಿತು. ಕೆಲಸ ಬಿಡಿ ಎಂದು ಅವನೂ ಅಂದ, ಬಿಟ್ಟೆ ಎಂದು ನಾನೂ ಅಂದೆ, ಎರಡೂ ಸಂಜೆಯವರೆಗೆ ಉಳಿಯಲಿಲ್ಲ. ಹಳದಿ ಮಣ್ಣನ್ನು ಶೆಡ್ಡಿನ ಹಿಂದೆ ಸುರಿಯಲು ಒಪ್ಪಿದ. ಹಾಗೆಂದು ಅವನೇನೂ ಬದಲಾಗಲಿಲ್ಲ. ಮರುವಾರವೇ ಇನ್ನೊಬ್ಬ ಲಾರಿಯವನನ್ನು ಹಿಡಿದು ಇನ್ಯಾವುದೋ ಹೊಲದ ಕಪ್ಪು ಮಣ್ಣು ತರಿಸಿದ. ಅದನ್ನು ನಾನು ಜರಡಿ ಹಿಡಿಯುವುದಿಲ್ಲ ಎಂದೆ. ಹಾಗಾದರೆ ಎದುರಿಗೆ ಹೋಗಿ ಗಿರಾಕಿಗಳ ಹತ್ತಿರ ನಿಲ್ಲಿ ಎಂದ. ಈ ಸಲ ಅದು ನಿಜಕ್ಕೂ ಶಿಕ್ಷೆ. ಹೊಸ ಚೀಲಗಳ ಮೇಲೆ ನನ್ನ ಹೆಸರಿಲ್ಲ. ನಗುವ ಹೆಂಗಸು ಮಾತ್ರ ಇದ್ದಾಳೆ.

ಈಗ ಕೆಲಸ ಮುಗಿದ ಮೇಲೆ ಶೆಡ್ಡಿನ ಹಿಂದೆ ಹೋಗಿ ಆ ಹೆಂಟೆಗಳನ್ನು ಬಡಿಗೆಯಿಂದ ಒಡೆಯುತ್ತೇನೆ. ಬಡಿಯಲು ಸಿಟ್ಟು ಬೇಕಾದಷ್ಟಿದೆ. ಮಧ್ಯೆ ಮಧ್ಯೆ ಉದುರೆಲೆ, ಸಗಣಿ, ಟೀ ಅಂಗಡಿಯ ಟೀಪುಡಿ ಚರಟ ಹಾಕಿ ನೀರು ಚಿಮುಕಿಸುತ್ತೇನೆ. ಏನೂ ಆಗಿಲ್ಲ. ಒಂದು ಹುಳವೂ ಬಂದಿಲ್ಲ. ಎದುರಿಗೆ ನಿಂತು ಕಪ್ಪು ಮಣ್ಣಿನ ಚೀಲ ಎತ್ತಿಕೊಡುವಾಗ, ಇದು ಯಾರದೋ ಹೊಲದ ಮೇಲ್ಮಣ್ಣು, ಕುಂಡ ಒಡೆದರೆ ಚೆಲ್ಲಬೇಡಿ, ಮತ್ತೆ ಬಳಸಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಕೆಲವರು ತಲೆಯಾಡಿಸುತ್ತಾರೆ. ಹೆಚ್ಚಿನವರು ಡಿಕ್ಕಿ ತೆರೆದು ಕಾಯುತ್ತಾರೆ.

ಮೊದಲ ಮಳೆ ಬಂದು ಹೋದ ಮೇಲೆ ಒಂದು ಬೆಳಿಗ್ಗೆ ಅಮ್ಮನ ಫೋನು ಬಂತು. ಆ ದಿನದ ನಂತರ ಅವಳು ನನ್ನೊಡನೆ ಮಾತಾಡಿರಲಿಲ್ಲ.

“ಅಗೆದು ಮುಗೀತು,” ಅಂದಳು. “ಮಣ್ಣು ಹರಡಿ ಆಯ್ತು. ಕಾಲುವೆ ಬಿಟ್ರು. ನೀರು ಹತ್ತಿತು.”

“ಒಳ್ಳೇದಾಯ್ತಲ್ಲ.”

“ಪೂರ್ತಿ ಸಾಲಲಿಲ್ಲ. ಒಂದು ಲಾರಿ ನಿನ್ನ ಅಂಗಡಿ ತಿಂತಲ್ಲ. ಕೆಳಗಿನ ತುದಿ ಹಳದಿಯಾಗೇ ಉಳೀತು.”

“ತೆಳ್ಳಗೆ ಎಳೆದು ಎಲ್ಲಾ ಕಡೆ ಸರಿ ಮಾಡಿದ್ರೆ ಆಗ್ತಿತ್ತಲ್ಲ ಅಮ್ಮ.”

“ನಿನ್ನ ಅಣ್ಣನೂ ಅದನ್ನೇ ಅಂದ. ನಾನೇ ಬೇಡ ಅಂದೆ. ಅದನ್ನ ನಿನ್ನ ಪಾಲಿಗೆ ಅಂತ ಬಿಟ್ಟಿದೀನಿ. ಅದರ ಮೇಲೆ ಒಂದು ಗೇಣು ನೀನು ಮಾಡು. ಎಷ್ಟು ವರ್ಷ ಬೇಕು ಅಂತ ಆಗ ಗೊತ್ತಾಗುತ್ತೆ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎದುರಿಗೆ ಒಬ್ಬ ಗಿರಾಕಿ ನೀರು ಬೇಡದ ಗಿಡ ಕೇಳುತ್ತ ನಿಂತಿದ್ದ. ಅಮ್ಮ ಫೋನ್ ಇಡುತ್ತಾಳೇನೋ ಎಂದು ಕಾದೆ. ಅವಳು ಇಡಲಿಲ್ಲ.

“ಯಾವಾಗ ಬರ್ತೀಯ?” ಅಂದಳು.